ಅನುದಾನ ಯಾರ ಮನೆಯ ಗಂಟು?

ಮುಧೋಳದ ಬಳೆಗಾರರ ಮನೆಯ ರನ್ನನಿಗೆ ಅತ್ತಿಮಬ್ಬೆ ಆಸರೆಯಾದಳು. 993ರಲ್ಲಿ 'ಅಜಿತಪುರಾಣ' ಬಂತು. ಚಾಲುಕ್ಯರು ಆಸರೆಯಾದರು, 'ಗದಾಯುದ್ಧ'ದಲ್ಲಿ ದೊರೆ ಸತ್ಯಾಶ್ರಯನೇ ಭೀಮನಾದ. ಅನ್ನವಿಕ್ಕಿದವನನ್ನು ಕಾವ್ಯದೊಳಗೆ ಕೂರಿಸುವುದು ಅಂದಿನ ರೂಢಿ. ಅದೇ ಮುಧೋಳದಲ್ಲಿ ಈಗ ಸರ್ಕಾರ 'ರನ್ನ ವೈಭವ' ನಡೆಸುತ್ತ ಬಂದಿದೆ. ಈ ಹಣ ಯಾವ ಅರಸನದೂ ಅಲ್ಲ. ಬಳೆ ಮಾರುವವರು, ಕಬ್ಬು ಕಡಿಯುವವರು, ನೇಕಾರರು ಪ್ರತಿ ಖರೀದಿಯಲ್ಲೂ ತೆತ್ತ ತೆರಿಗೆ. ಆದರೂ ಹಂಚುವವರ ಗತ್ತು ಅರಸರದ್ದೇ!

1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯ ಗೋಷ್ಠಿಗೆ ಜಾಗ ಸಿಗದಾಗ, ಲೇಖಕರೂ ಅಧ್ಯಾಪಕರೂ ಸೇರಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. 2023ರ ಜನವರಿಯಲ್ಲಿ, ಹಾವೇರಿ ಸಮ್ಮೇಳನ ಮುಸ್ಲಿಂ ಲೇಖಕರನ್ನು ಕಡೆಗಣಿಸಿದೆಯೆಂದು ಪ್ರತಿಭಟಿಸಿ ಬೆಂಗಳೂರಿನಲ್ಲೇ ಜನಸಾಹಿತ್ಯ ಸಮ್ಮೇಳನ ನಡೆಯಿತು. ಇಂಥ ಸ್ವಂತ ವೇದಿಕೆಗಳು ಬೇಕೇ ಬೇಕು. ಅವು ನಮ್ಮ ಚಂದಾ ಹಣದಲ್ಲೇ ನಡೆಯಲಿ; ಆಗ ನಾಲಗೆ ಯಾರ ಹಂಗಿಗೂ ಬೀಳುವುದಿಲ್ಲ.

ಆದರೆ ಸರ್ಕಾರದ ಕಾಸೇ ಹರಾಮ್ ಎಂಬ ಹಠವನ್ನು ನಾವು ಒಪ್ಪುವುದಿಲ್ಲ. ನಾವು ದೂರ ಸರಿದಷ್ಟೂ ಆ ಹಣ ನಮ್ಮನ್ನು ಹೊರಗಿಟ್ಟವರ ಕೈಯಲ್ಲೇ ಉಳಿಯುತ್ತದೆ. ಆಹ್ವಾನಿತರ ಪಟ್ಟಿಯನ್ನು ಯಾರು ಸಿದ್ಧಪಡಿಸಿದರು, ಯಾವ ಮಾನದಂಡದಿಂದ, ಯಾರಿಗೆಷ್ಟು ಹಣ ಸಂದಿತು ಎಂದು ತೆರಿಗೆ ತೆತ್ತವರಾಗಿ ಕೇಳೋಣ. ಮುಂದಿನ ರನ್ನ ವೈಭವದಿಂದಲೇ ಈ ಕೇಳಿಕೆ ಶುರುವಾಗಲಿ.