ಅಜ್ಜನ ಕೋವಿ, ಅಂಬರನಾಥದ ಹಿತ್ತಾಳೆ

ಡೊಂಬಿವಲಿಯಲ್ಲಿರುವ ನನ್ನ ಕೊಡಗಿನ ಗೆಳೆಯನಿಗೆ ಈಗ ಒಂದೇ ಧ್ಯಾನ. ಊರಿನ ಐನ್‌ಮನೆಯಲ್ಲಿ ಅಜ್ಜನ ಕಾಲದ ಜರ್ಮನ್ ಮೌಸರ್ ರೈಫಲ್ ಇದೆ. ಅದರ 8×57 ತೋಟಾ ಅವನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. "ಅಮೆರಿಕದಲ್ಲಿ ಬೇರೆ ತೋಟಾದ ಖಾಲಿ ಕೇಸಿನಿಂದ ಮನೆಯಲ್ಲೇ ಮಾಡ್ಕೊಳ್ತಾರೆ ಮಾರಾಯ, ನೋಡು" ಅಂತ ವಿಡಿಯೋ ಕಳಿಸಿದ.

ನೋಡಿದೆ. ಅಲ್ಲಿ ಧಾರಾಳವಾಗಿ ಸಿಗುವುದು .30-06 ಕೇಸು, ಉದ್ದ 63 ಮಿ.ಮೀ. ಎರಡರ ಬುಡವೂ ಹೆಚ್ಚುಕಡಿಮೆ ಒಂದೇ ಅಳತೆ. ಎಣ್ಣೆ ಸವರಿ ಉಕ್ಕಿನ ಅಚ್ಚಿಗೆ ಒತ್ತಿದರೆ ಹೊಸ ಭುಜ, ಹೊಸ ಕುತ್ತಿಗೆ ಬರುತ್ತದೆ. 57ಕ್ಕೆ ಕತ್ತರಿಸಿ ಅಂಚು ನಯಮಾಡಬೇಕು. ಕೇಳಲು ಸುಲಭ. ಆದರೆ ಮೊದಲು ಮೈಯಾಗಿದ್ದ ಲೋಹ ಈಗ ಕುತ್ತಿಗೆಯಾಗಿದೆ, ಅದು ದಪ್ಪ. ಹೆರೆದು ತೆಳು ಮಾಡದಿದ್ದರೆ ಗುಂಡನ್ನು ಬಿಗಿಯಾಗಿ ಹಿಡಿದು ಒತ್ತಡ ಏರಿಸುತ್ತದೆ.

ಹಿತ್ತಾಳೆಯ ಸ್ವಭಾವ ಪೈಧುನಿಯ ತಾಂಬಾ ಕಾಂಟಾದ ಪಾತ್ರೆಯವರಿಗೆ ಗೊತ್ತು. ಬಡಿದಷ್ಟೂ ಗಡುಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ತಾಮ್ರ, 30 ಸತು. ಅದರ ಕುತ್ತಿಗೆಯನ್ನಷ್ಟೇ ಕಾಯಿಸಬೇಕು. ಬುಡ ಮೆದುವಾದರೆ ಗುಂಡು ಹಾರಿಸುವವನ ಕಣ್ಣಿಗೇ ಅಪಾಯ.

ಈ ಪಾಠ ಕಲಿತದ್ದು ನಮ್ಮ ದೇಶದಲ್ಲೇ ಎಂಬುದು ನನಗೆ ಮಜಾ ಅನಿಸಿತು. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ನಿಂತು ತೆಗೆದು ನೋಡಿದರೆ ಬಿರುಕು! ಕುದುರೆ ಮೂತ್ರದ ಅಮೋನಿಯಾ, ತೇವ, ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತ – ಮೂರೂ ಸೇರಿದ ಫಲ ಅದು ಎಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ತೋರಿಸಿಕೊಟ್ಟರು. ಹದವಾಗಿ ಕಾಯಿಸಿ ಬಿಗಿತ ಇಳಿಸುವುದೇ ಪರಿಹಾರ. ಮುಂಬೈ ಮಳೆಗಾಲ ಕಂಡವರಿಗೆ ಆ ತೇವ ಏನೆಂದು ಹೇಳಬೇಕಿಲ್ಲ.

ನಾನು ದಿನಾ ಬದ್ಲಾಪುರದಿಂದ ಲೋಕಲ್ ಹತ್ತುತ್ತೇನೆ, ಮುಂದಿನ ಸ್ಟೇಷನ್ ಅಂಬರನಾಥ. ಅಲ್ಲಿನ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ತೋಟಾಗೆ ಬೇಕಾದ ಹಿತ್ತಾಳೆ ತಯಾರಾಗುತ್ತದೆ. ಅದನ್ನು ತೋರಿಸಿ "ಇಷ್ಟು ಹತ್ತಿರ ಇದ್ದೂ ನಮಗಿಲ್ಲ ನೋಡು" ಎಂದ ಗೆಳೆಯ.

ಅವನಿಗೆ ಎರಡು ಮಾತು ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಫ್ಲ್ಯಾಟಿನ ಬಾಲ್ಕನಿಯಲ್ಲಿ ತೋಟಾ ತಯಾರಿಸುವುದಕ್ಕಲ್ಲ. ಇನ್ನೊಂದು, 8×57 ಎಂಬ ಹೆಸರಲ್ಲೇ ಎರಡು ತೋಟಾ ಇವೆ. ಹಳೆಯದರ ಗುಂಡು 8.08 ಮಿ.ಮೀ., ಆಮೇಲೆ ಬಂದದ್ದು 8.2. ಕೇಸು ಎಷ್ಟೇ ಚೆನ್ನಾಗಿ ಮಾಡಿದರೂ, ಹಳೆಯ ನಳಿಕೆಗೆ ದಪ್ಪ ಗುಂಡು ತುರುಕಿದರೆ ಅಜ್ಜನ ಕೋವಿ ಅವನ ಕೈಯಲ್ಲೇ ಸಿಡಿಯಬಹುದು. ನಿಮ್ಮದರ ನಳಿಕೆ ಯಾವುದು? ಅಂದೆ. ಅವನಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಮುನಿಸಿಕೊಂಡ. ಆಮೇಲೆ ಅವನೇ ಫೋನ್ ಮಾಡಿದ. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್‌ಗೆ ಊರಿಗೆ ಹೋಗುತ್ತಾನಂತೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ನಳಿಕೆ ಅಳೆಸುವುದಾಗಿ ದೊಡ್ಡಪ್ಪ ಒಪ್ಪಿದ್ದಾರೆ. ಹಬ್ಬದ ದಿನ ಮೌಸರಿನ ಬಾಯಿಗೆ ಎಂದಿನಂತೆ ತೋಕ್ ಪೂ ಸಿಕ್ಕಿಸುತ್ತಾರೆ.