ಬೊಂತೆಯ ಮೇಲೆ ವಿಧಾನಸೌಧ

ಕರಕುಶಲ ವಸ್ತುಗಳ ಮಳಿಗೆಯೊಂದರಲ್ಲಿ ಈಚೆಗೆ ಕಂಡ ಕೌದಿಯೊಂದು ಈ ಬರಹಕ್ಕೆ ಪ್ರೇರಣೆ. ಅದರ ನಾಲ್ಕು ಚೌಕಗಳಲ್ಲಿ ವಿಧಾನಸೌಧ, ಮೈಸೂರು ಅರಮನೆ, ಗೋಲಗುಮ್ಮಟ ಹಾಗೂ ಹಂಪಿಯ ಕಲ್ಲಿನ ರಥವನ್ನು ಬಣ್ಣದ ತುಂಡುಗಳಿಂದ ಜೋಡಿಸಲಾಗಿತ್ತು. ನೋಡಿದವರೆಲ್ಲ ಕಟ್ಟಡಗಳ ಹೆಸರು ಹೇಳಿ ಸಂತೋಷಪಡುತ್ತಿದ್ದರು. ಹೊಲಿದವರು ಯಾರು, ಬಟ್ಟೆ ಯಾರದು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಜಾನಪದವನ್ನು ಅಧ್ಯಯನ ಮಾಡುವ ನಮ್ಮ ವಿಭಾಗಗಳು ಕೇಳದೆ ಬಿಟ್ಟಿರುವ ಪ್ರಶ್ನೆಯೂ ಇದೇ ಎಂಬುದು ಪ್ರಸ್ತುತ ಬರಹದ ನಿಲುವು.

ಆ ಕೌದಿಯ ಕೌಶಲ ಕಡಿಮೆಯದೇನಲ್ಲ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮುಂಭಾಗದಲ್ಲಿ 12 ಕಂಬಗಳಿವೆ, 45 ಮೆಟ್ಟಿಲುಗಳಿವೆ. ಒಂದು ಮೊಳದ ಚೌಕದಲ್ಲಿ ಅಷ್ಟನ್ನು ತರಲಾಗದು. ಹೊಲಿದಾಕೆ ಆರು ಕಂಬಗಳನ್ನು ಉದ್ದ ಪಟ್ಟಿಗಳಲ್ಲಿಯೂ ಮೆಟ್ಟಿಲುಗಳನ್ನು ಮೂರು ಅಡ್ಡ ಪಟ್ಟಿಗಳಲ್ಲಿಯೂ ನಿರ್ವಹಿಸಿದ್ದಳು. ಗೋಲಗುಮ್ಮಟದ ಬಾಗು ನೇರ ಅಂಚಿನ ತುಂಡುಗಳಿಗೆ ಒಲಿಯದು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ, ಕೆಳಗಿನ ಬಟ್ಟೆಯ ಮೇಲಿಟ್ಟು ಹೊಲಿಯಬೇಕು. ಯಾವುದನ್ನು ಬಿಟ್ಟರೂ ಕಟ್ಟಡದ ಗುರುತು ಉಳಿಯುತ್ತದೆ ಎಂಬ ವಿವೇಚನೆ ಇಲ್ಲಿದೆ. ವರ್ಣನೆಯನ್ನು ಕುರಿತು ಪಾಠ ಹೇಳುವವರು ಇದನ್ನು ಕಡೆಗಣಿಸುವಂತಿಲ್ಲ.

ಆದರೆ 'ಚೌಕ' ಎಂಬ ಘಟಕ ಕೌದಿಯದಲ್ಲ. ಅಮೆರಿಕದ ತೇಪೆ ಹೊದಿಕೆಗಳಲ್ಲಿ ಚೌಕಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಅನಂತರ ಒಂದಕ್ಕೊಂದು ಹೊಲಿಯುವ ಪದ್ಧತಿಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಶಾಲೆಯ ಕಟ್ಟಡವನ್ನು ತೋರುವ ಚೌಕ ಜನಪ್ರಿಯವಾದುದು ಈ ಪದ್ಧತಿಯಿಂದಲೇ. ನಮ್ಮಲ್ಲಿ ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ತುಂಡುಗಳನ್ನು ಅವುಗಳ ಮೇಲಿಟ್ಟು, ಎಲ್ಲ ಪದರಗಳನ್ನೂ ಹಿಡಿಯುವಂತೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಮಹಿಳೆಯರ ಕವಂದಿಯಲ್ಲಿ ಹೊಲಿಗೆ ಅಂಚಿನಿಂದ ಹೊರಟು, ಸುತ್ತಿ ಸುತ್ತಿ ನಡುವನ್ನು ಸೇರುತ್ತದೆ. ಮೂಲೆಗಳಿಗೆ 'ಫುಲ' ಎಂಬ ಮಡಿಕೆಯ ತುಂಡುಗಳನ್ನು ಇಡದೆ ಕವಂದಿ ಮುಗಿಯುವುದಿಲ್ಲ. ಇಲ್ಲಿ ಅರ್ಥವಿರುವುದು ಚಿತ್ರದಲ್ಲಿ ಮಾತ್ರವಲ್ಲ, ಹೊಲಿಗೆಯ ಕ್ರಮದಲ್ಲಿ ಮತ್ತು ಬಟ್ಟೆಯ ಪೂರ್ವಾಶ್ರಮದಲ್ಲಿ.

ಈ ಮಾತನ್ನು ನನಗೆ ಕಲಿಸಿದ್ದು ಜಂಗಮಕೋಟೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ, ಶಿಡ್ಲಘಟ್ಟ ತಾಲ್ಲೂಕಿನ ಈ ಊರಿನಲ್ಲಿ ಕೌದಿಗೆ ಬೊಂತೆ ಎನ್ನುತ್ತಾರೆ. ಕ್ಷೇತ್ರಕಾರ್ಯಕ್ಕೆ ನಾನೊಂದು ನಮೂನೆ ಒಯ್ದಿದ್ದೆ. ಅದರಲ್ಲಿ 'ಆಕೃತಿಯ ಹೆಸರು', 'ಸಾಂಕೇತಿಕ ಅರ್ಥ' ಎಂಬ ಕಾಲಂಗಳಿದ್ದವು. ಬೊಂತೆಯ ಮೇಲೆ ಚೌಕ, ಪಟ್ಟಿಗಳ ಹೊರತು ಏನೂ ಕಾಣಲಿಲ್ಲ. ನಂದಿಯ ಭೋಗನಂದೀಶ್ವರ ದೇವಾಲಯ ಇದೇ ಸೀಮೆಯದಲ್ಲವೇ, ಅದರ ಗೋಪುರವನ್ನು ಏಕೆ ಹೊಲಿದಿಲ್ಲ ಎಂದು ಒಬ್ಬ ವೃದ್ಧೆಯನ್ನು ಕೇಳಿದೆ. "ಗೋಪುರಕ್ಕೆ ಕೈ ಮುಗೀತಾರೆ, ಹೊದ್ಕೊಂತಾರೇನಪ್ಪ?" ಎಂದು ನಕ್ಕ ಆಕೆ, ತುಂಡುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು: "ಇದು ನಮ್ಮತ್ತೇದು. ಇದು ದೊಡ್ಡೋಳು ಹುಟ್ಟಿದಾಗ ಉಟ್ಟಿದ್ದು. ಇದು ನಮ್ಮ ಯಜಮಾನ್ರ ಪಂಚೆ." ನನ್ನ ನಮೂನೆಯಲ್ಲಿ ಇದನ್ನು ಬರೆಯಲು ಕಾಲಂ ಇರಲಿಲ್ಲ. ಆ ದಿನ ಅದನ್ನು ಖಾಲಿ ಬಿಟ್ಟು ಮರಳಿದೆ. ಮರುವರ್ಷ ಹೋಗುವಷ್ಟರಲ್ಲಿ ಆಕೆ ಇರಲಿಲ್ಲ. ಬೊಂತೆ ಇತ್ತು, ಯಾವ ತುಂಡು ಯಾರದೆಂದು ಹೇಳಬಲ್ಲವರು ಮನೆಯಲ್ಲಿ ಉಳಿದಿರಲಿಲ್ಲ.

ಬಟ್ಟೆಯ ಮೇಲೆ ಕಟ್ಟಡವನ್ನು ಮೂಡಿಸುವುದು ನಮಗೆ ಅಪರಿಚಿತವೆಂದು ಇದರ ಅರ್ಥವಲ್ಲ. ಧಾರವಾಡ ಭಾಗದ ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆಗಳು ಎಳೆ ಎಣಿಸಿ ಹಾಕಿದ ಗಂಟಿ, ಮುರಗಿ, ನೇಗಿ, ಮೆಂತೆ ಹೊಲಿಗೆಗಳಲ್ಲಿ ಮೂಡುತ್ತವೆ. ಆದರೆ ಅದು ಯಾವ ದೇವಾಲಯದ ಗೋಪುರ ಎಂಬ ಪ್ರಶ್ನೆಗೆ ಕಸೂತಿಯಲ್ಲಿ ಉತ್ತರವಿಲ್ಲ. ಅಷ್ಟಾದಶ ವರ್ಣನೆಗಳ ಪುರವರ್ಣನೆಯಲ್ಲಿಯೂ ಹೀಗೆಯೇ. ಅಲ್ಲಿ ಕೋಟೆ, ಕಂದಕ, ಗೋಪುರಗಳು ಎಲ್ಲ ಪುರಗಳಿಗೂ ಸಲ್ಲುತ್ತವೆ. ಮಳಿಗೆಯ ಕೌದಿ ಮಾತ್ರ ನಿರ್ದಿಷ್ಟ ಕಟ್ಟಡವನ್ನು ಬೇಡುತ್ತದೆ. 2017ರಲ್ಲಿ 50 ರೂಪಾಯಿಯ ನೋಟಿನ ಮೇಲೆ ಬಂದ ಹಂಪಿಯ ರಥವನ್ನು ಗುರುತಿಸುವ ಕಣ್ಣು ಕೌದಿಯ ಮೇಲೂ ಅದನ್ನೇ ಹುಡುಕುತ್ತದೆ. ಹೀಗೆ ಮನೆಯೊಂದರ ನೆನಪಿನ ಸ್ಥಳವನ್ನು ನಾಡಿನ ಲಾಂಛನ ಆಕ್ರಮಿಸುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಇಂತಹ ಕೌದಿಗಳಿಂದ ಹೆಂಗಸರಿಗೆ ನಾಲ್ಕು ಕಾಸು ಸಿಗುವಾಗ ಸಂಶೋಧಕನ ಶುದ್ಧತೆಯ ಹಂಬಲಕ್ಕೆ ಏನು ಬೆಲೆ? ಆಕ್ಷೇಪ ನ್ಯಾಯವಾದುದು. ವಿಧಾನಸೌಧವನ್ನು ಹೊಲಿಯಬೇಡಿರೆಂದು ಹೇಳುವ ಅಧಿಕಾರ ನಮಗಿಲ್ಲ. ಅದೂ ಹೊಲಿಯುವವರ ಸೃಷ್ಟಿಯೇ. ನನ್ನ ತಕರಾರು ಇರುವುದು ನಮ್ಮ ಓದಿನ ಬಗ್ಗೆ. ಗುರುತು ಸಿಗುವ ಆಕೃತಿಯಿದ್ದರೆ 'ಕಲೆ', ಇಲ್ಲದಿದ್ದರೆ 'ಗೃಹೋಪಯೋಗಿ ವಸ್ತು' ಎಂದು ವಿಂಗಡಿಸುವ ಕ್ರಮವನ್ನು ಮಾರುಕಟ್ಟೆಯಿಂದ ನಾವು ಎರವಲು ಪಡೆಯಬೇಕಾಗಿಲ್ಲ.

ಸೂಜಿಕಾಯಕದ ರಾಮಿತಂದೆಯನ್ನು ವಚನಕಾರನೆಂದು ಪಾಠ ಹೇಳುವ ನಾವು ಸೂಜಿ ಹಿಡಿದವರ ಮಾತನ್ನು ದಾಖಲಿಸಲು ಹಿಂಜರಿಯಬಾರದು. ಬಟ್ಟೆ ಯಾರದು, ಹೊಲಿದವರು ಯಾರು, ಯಾರಿಗಾಗಿ, ಯಾವ ಕ್ರಮದಲ್ಲಿ, ಯಾವ ಹೆಸರಿನಿಂದ ಎಂಬ ಐದು ಕಾಲಂಗಳು ಕ್ಷೇತ್ರಕಾರ್ಯದ ನಮೂನೆಗಳಲ್ಲಿ ಸೇರಲಿ. ಜಂಗಮಕೋಟೆಯಂತಹ ಊರುಗಳಲ್ಲಿ ಉತ್ತರ ಅರ್ಧ ಕನ್ನಡದಲ್ಲಿಯೂ ಅರ್ಧ ತೆಲುಗಿನಲ್ಲಿಯೂ ಬಂದೀತು. ಬೊಂತೆ ಎಂಬ ಪದವೇ ಅಲ್ಪ ವ್ಯತ್ಯಾಸದೊಡನೆ ಎರಡೂ ಭಾಷೆಗಳಲ್ಲಿದೆ. ಉತ್ತರವನ್ನು ಬಂದ ಹಾಗೆಯೇ ಬರೆದುಕೊಳ್ಳಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಮನೆಯ ಒಂದೊಂದು ಬೊಂತೆಯಿಂದ ಈ ಕೆಲಸ ಆರಂಭಿಸಬಹುದು. ವಿಧಾನಸೌಧದ ಕಂಬಗಳೆಷ್ಟೆಂದು ನಾಳೆಯೂ ಹೋಗಿ ಎಣಿಸಬಹುದು. ಬೊಂತೆಯ ತುಂಡು ಯಾರದೆಂದು ಹೇಳಬಲ್ಲವರನ್ನು ಈಗಲೇ ಕೇಳಬೇಕು.