ದಿಣ್ಣೆಯ ಮೇಲಿನ ಊರು: ಗಾಳಿಯ ಭಾಗ್ಯ, ನೀರಿನ ಋಣ

ಧಾರವಾಡಕ್ಕೆ ಹೊಸದಾಗಿ ಬಂದ ಪರಸ್ಥಳದವರು ಮೊಟ್ಟಮೊದಲು ಹೊಗಳುವುದು ಇಲ್ಲಿಯ ಹವೆಯನ್ನು. ಕರಾವಳಿಯಿಂದ ಬಂದವರಿಗೆ ಮೈಗಂಟುವ ಬೆವರಿಲ್ಲದಿರುವುದು ಸೋಜಿಗವೆನಿಸುತ್ತದೆ. ವಿಜಯಪುರ, ರಾಯಚೂರುಗಳ ಕಡೆಯವರಿಗೆ ವೈಶಾಖದ ಸಂಜೆಯಲ್ಲಿಯೂ ಪಡುವಣದಿಂದ ಬೀಸುವ ತಂಗಾಳಿ ವರವೆನಿಸುತ್ತದೆ. ನಿವೃತ್ತಿಯ ದಿನಗಳನ್ನು ಇಲ್ಲಿಯೇ ಕಳೆಯಬೇಕೆಂದು ಮನೆ ಕಟ್ಟಿಸಿಕೊಂಡ ಶಿಕ್ಷಕರೂ ಅಧಿಕಾರಿಗಳೂ ಅನೇಕರು. ಇಷ್ಟೊಂದು ಹೊಗಳಿಸಿಕೊಂಡ ಊರು ತನ್ನ ಹವೆಯ ಗುಣದೊಡನೆ ಅದರ ಬೆಲೆಯನ್ನೂ ಅರಿತಿದೆಯೇ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ಎತ್ತರದ ನೆಲ ಗಾಳಿಯನ್ನು ಬೇಡದೆಯೇ ಕೊಡುತ್ತದೆ. ನೀರನ್ನು ಬೇಡಿದರೂ ಕೊಡುವುದಿಲ್ಲ. ಈ ಸರಳ ಸತ್ಯವನ್ನು ಮರೆತುದರಿಂದಲೇ ಅವಳಿನಗರದ ಬವಣೆಗಳಲ್ಲಿ ಹಲವು ಹುಟ್ಟಿಕೊಂಡಿವೆ.

ಧಾರವಾಡವು ಸಮುದ್ರಮಟ್ಟದಿಂದ ಸುಮಾರು 750 ಮೀಟರು, ಎಂದರೆ ಹೆಚ್ಚುಕಡಿಮೆ 2,450 ಅಡಿ ಎತ್ತರದಲ್ಲಿದೆ. ಹುಬ್ಬಳ್ಳಿ ಅದಕ್ಕಿಂತ ತುಸು ತಗ್ಗಿನಲ್ಲಿದೆ. ಸುಮಾರು 3,500 ಮೀಟರು ಎತ್ತರದ ಲೇಹ್ ಪಟ್ಟಣದ ಮುಂದೆ ಇದೊಂದು ಎತ್ತರವೇ ಅಲ್ಲ. ಅಲ್ಲಿಗೆ ಹೋದ ಹೊಸಬರು ಒಂದೆರಡು ದಿನ ವಿಶ್ರಮಿಸದೆ ನಾಲ್ಕು ಮೆಟ್ಟಿಲು ಏರಿದರೂ ಏದುಸಿರು ಬಿಡುತ್ತಾರೆ. ಇಲ್ಲಿ ಅಂಥ ಬಾಧೆಯಿಲ್ಲ. ಆದರೂ ಎತ್ತರ ತನ್ನ ಗುಣವನ್ನು ಬಿಟ್ಟುಕೊಟ್ಟಿಲ್ಲ. ಸಾವಿರ ಮೀಟರು ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದೆಂಬ ಲೆಕ್ಕದಂತೆ, ಎತ್ತರವೊಂದರಿಂದಲೇ ಧಾರವಾಡಕ್ಕೆ ನಾಲ್ಕೈದು ಡಿಗ್ರಿಗಳ ತಂಪು ದೊರೆತಿದೆ. ಗಾಳಿಯ ಒತ್ತಡ ಕಡಲದಂಡೆಗಿಂತ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆಯಿರುವುದರಿಂದ ನೀರು 100 ಡಿಗ್ರಿಯ ಬದಲು ಸುಮಾರು 97.5 ಡಿಗ್ರಿಗೇ ಕುದಿಯುತ್ತದೆ. ದಾಸೋಹದ ಮನೆಯ ತೆರೆದ ಹಂಡೆಯಲ್ಲಿ ಬೇಳೆ ಬೇಯಿಸುವವರಿಗೆ ಕಾರವಾರದ ಅಡುಗೆಯವರಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುವುದು ಈ ಕಾರಣದಿಂದಲೇ.

ಇಲ್ಲಿಯ ಹವೆ ಪೂರ್ಣ ಒಣ ಹವೆಯೂ ಅಲ್ಲ. ಧಾರವಾಡವೆಂಬ ಹೆಸರು ಬಾಗಿಲು ಎಂಬರ್ಥದ ‘ದ್ವಾರವಾಟ’ದಿಂದ ಬಂದುದೆಂದು ಹೇಳುವ ವಾಡಿಕೆಯುಂಟು. ಊರು ನಿಜಕ್ಕೂ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಬಾಗಿಲಿನಲ್ಲಿದೆ. ಸಹ್ಯಾದ್ರಿಯ ಪಡುವಣ ಇಳಿಜಾರಿನಲ್ಲಿ ಸಾವಿರಾರು ಮಿಲಿಮೀಟರು ಸುರಿದು ಹಗುರಾದ ಮೋಡಗಳು ಇಲ್ಲಿಗೆ ಬಂದು ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯನ್ನು ಮಾತ್ರ ಕೊಡುತ್ತವೆ. ನವಲಗುಂದದ ಕಡೆಗೆ ಸಾಗಿದಂತೆ ಅದೂ ಕಡಿಮೆಯಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನಂತೆ ಜಿಟಿಜಿಟಿ ಹನಿಯುವ ಧಾರವಾಡ, ಕಾರ್ತಿಕ ಕಳೆದ ಮೇಲೆ ಬಯಲುಸೀಮೆಯೇ ಆಗಿಬಿಡುತ್ತದೆ. ವರ್ಷದ ಅರ್ಧ ಕಾಲ ಆಕಾಶ ಬರಿದು, ಗಾಳಿ ಒಣ.

ಈ ಒಣಗಾಳಿಯ ಉಪಕಾರಗಳನ್ನು ನೆನೆಯದಿದ್ದರೆ ಕೃತಘ್ನತೆಯಾದೀತು. ಎರೆಭೂಮಿ ಮಳೆಗಾಲದ ತೇವವನ್ನು ಒಡಲಲ್ಲಿಟ್ಟುಕೊಳ್ಳುತ್ತದೆ. ಅದರ ಬಲದಿಂದಲೇ ಹಿಂಗಾರಿ ಜೋಳವೂ ಕಡಲೆಯೂ ಗೋದಿಯೂ ಮಾಗುತ್ತವೆ. ಸುಗ್ಗಿಯಲ್ಲಿ ಮಳೆಯ ಕಾಟವಿಲ್ಲದ್ದರಿಂದ ಕಾಳು ಗಟ್ಟಿಯಾಗುತ್ತದೆ, ಬಿಚ್ಚಿದ ಅರಳೆ ಬಿಳುಪಾಗಿ ಉಳಿಯುತ್ತದೆ. ಸೀಮೆಯ ಹೆಮ್ಮೆಯಾದ ಖಡಕ್ ರೊಟ್ಟಿಯೂ ಈ ಹವೆಯ ಕೂಸೇ. ಕರಾವಳಿಯಲ್ಲಿ ಒಂದೇ ದಿನದಲ್ಲಿ ಮೆತ್ತಗಾಗುವ ರೊಟ್ಟಿ ಇಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬಂಡಿಗಳಲ್ಲಿ ರೊಟ್ಟಿ ಬಂದು ಲಕ್ಷಾಂತರ ಭಕ್ತರ ಮಹಾದಾಸೋಹ ನಡೆಯುವುದು ಭಕ್ತಿಯ ಮಹಿಮೆ ಹೌದು. ಮುಂಚಿತವಾಗಿ ಬಡಿದಿಟ್ಟ ಆ ರೊಟ್ಟಿಯನ್ನು ಜಾತ್ರೆಯವರೆಗೆ ಕಾಯುವುದು ಮಾಗಿಯ ಒಣಗಾಳಿ.

ಅಕ್ಷರಲೋಕಕ್ಕೂ ಈ ಹವೆಯ ಉಪಕಾರವುಂಟು. 1880ರಲ್ಲಿ ಧಾರವಾಡದಲ್ಲಿ ಜನಿಸಿ ವಿಜಯಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ವಚನಗಳ ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಬೆಳಕಿಗೆ ತಂದರು. ತೇವದ ನಾಡಿನಲ್ಲಿ ಓಲೆಗೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಒಣ ನಾಡಿನಲ್ಲಿ ಆ ಭಯ ಕಡಿಮೆ. ಆದರೆ ಅತಿಯಾಗಿ ಒಣಗಿದ ಓಲೆ ಮುಟ್ಟಿದರೆ ಮುರಿಯುತ್ತದೆ. ಆದ್ದರಿಂದ ಹವೆ ಮಾಡಿದುದು ಅರ್ಧ ಕೆಲಸ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲಿಟ್ಟು ತಲೆಮಾರುಗಳ ಕಾಲ ಕಾಯ್ದ ಗೃಹಸ್ಥರ ಕೈಗಳು ಉಳಿದರ್ಧವನ್ನು ಮಾಡಿದವು. ನಿಸರ್ಗದ ಕೊಡುಗೆ ಮನುಷ್ಯನ ಕಾಯಕದೊಡನೆ ಕೂಡಿದಾಗ ಮಾತ್ರ ಫಲಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಂಗೀತದ ವಿಷಯದಲ್ಲಿಯೂ ಇದೇ ಮಾತು. ಇಲ್ಲಿಯ ಗಾಳಿಯೇ ಕಂಠಕ್ಕೆ ಹಿತವೆಂದೂ, ಅದರಿಂದಲೇ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಮೊದಲಾದವರು ಈ ಪರಿಸರದಲ್ಲಿ ಬೆಳಗಿದರೆಂದೂ ಅಭಿಮಾನದಿಂದ ಹೇಳುವವರಿದ್ದಾರೆ. ಅಭಿಮಾನ ಒಪ್ಪತಕ್ಕದ್ದು, ತರ್ಕವನ್ನು ಒಪ್ಪಲಾಗದು. ಅದೇ ಗಾಳಿಯನ್ನು ಲಕ್ಷಾಂತರ ಜನರು ಉಸಿರಾಡಿದ್ದಾರೆ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡರು. ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಪಾದದಲ್ಲಿ ಕುಳಿತು ಕಲಿತರು. ಗಾಳಿ ಹಾಡುವುದಿಲ್ಲ, ಸಾಧನೆ ಹಾಡುತ್ತದೆ. ಹವೆಯ ಹೊಗಳಿಕೆ ಸಾಧನೆಯನ್ನು ಮರೆಸುವಂತಾದರೆ ಅದು ಹೊಗಳಿಕೆಯಲ್ಲ, ಸೋಮಾರಿತನ.

ಇನ್ನು ಅನನುಕೂಲಗಳು. ಒಣ ಹವೆಯ ಮೊದಲ ಮೋಸವೆಂದರೆ ಅದು ಬಾಯಾರಿಕೆಯನ್ನು ಬಚ್ಚಿಡುತ್ತದೆ. ಕರಾವಳಿಯಲ್ಲಿ ಬೆವರು ಹರಿದು ಅಂಗಿಯನ್ನು ತೋಯಿಸಿ ಎಚ್ಚರಿಸುತ್ತದೆ. ಇಲ್ಲಿ ಅದು ಮೂಡಿದಂತೆಯೇ ಆರಿಹೋಗುತ್ತದೆ. ದೇಹದಿಂದ ನೀರು ಹೋದುದು ತಿಳಿಯುವುದೇ ಇಲ್ಲ. ಬಿಸಿಲಿನ ಒಣನಾಡುಗಳಲ್ಲಿ ಮೂತ್ರಪಿಂಡದ ಹರಳಿನ ಬಾಧೆ ಹೆಚ್ಚಾಗಿರುವುದಕ್ಕೆ ವೈದ್ಯರು ಕೊಡುವ ಕಾರಣಗಳಲ್ಲಿ ಇದು ಮುಖ್ಯವಾದುದು. ಫಾಲ್ಗುಣ ಚೈತ್ರಗಳಲ್ಲಿ ಪರೀಕ್ಷೆಗೆ ಕುಳಿತ ಬಾಲಕನ ತಲೆನೋವಿಗೆ ಓದಿನ ಭಾರವೇ ಕಾರಣವೆಂದು ಬಗೆಯುವ ಮುನ್ನ ಅವನು ಬೆಳಗಿನಿಂದ ಎಷ್ಟು ನೀರು ಕುಡಿದನೆಂದು ಕೇಳುವುದು ಒಳ್ಳೆಯ ಶಿಕ್ಷಕರ ಲಕ್ಷಣ. ಕೆಲವು ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂದಿದೆ. ಅನುಕರಿಸಲು ಖರ್ಚಿಲ್ಲದ ಪದ್ಧತಿಯಿದು.

ಎರಡನೆಯದು ಧೂಳು. ನೆಲ ಒಣಗಿದ ಮೇಲೆ ಧೂಳನ್ನು ಹಿಡಿದಿಡಲು ಮರವೂ ಹುಲ್ಲೂ ಬೇಕು. ಹುಬ್ಬಳ್ಳಿ ಧಾರವಾಡಗಳ ನಡುವಿನ ರಸ್ತೆ ಅಗಲವಾಗುವಾಗ ಇಕ್ಕೆಲದ ಹಳೆಯ ಮರಗಳು ಉರುಳಿದವು. ಪಾಳುಬಿದ್ದ ನಿವೇಶನಗಳಲ್ಲಿ ಕಾಂಗ್ರೆಸ್ ಕಸ ಬೆಳೆದು ಪರಾಗವನ್ನು ತೂರುತ್ತದೆ. ಉಬ್ಬಸದವರಿಗೆ ಒಣ ಹವೆ ಒಳ್ಳೆಯದೆಂದು ನಂಬಿ ಬಂದವರು ಇಲ್ಲಿಯೇ ಉಬ್ಬಸಕ್ಕೆ ಔಷಧಿ ಕೊಳ್ಳುವಂತಾದರೆ ಅದು ಹವೆಯ ದೋಷವಲ್ಲ, ಹವೆಯನ್ನು ಕಾಯದವರ ದೋಷ.

ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ಆದುದು ನೀರು. ಅವಳಿನಗರ ಕುಳಿತಿರುವುದು ಒಂದು ಮಹಾ ದಿಣ್ಣೆಯ ಬೆನ್ನಿನ ಮೇಲೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಹರಿದು ಬೇಡ್ತಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಮೂಡಣ ಬಯಲಿಗೆ ಬಿದ್ದ ಮಳೆ ಬೆಣ್ಣೆಹಳ್ಳಕ್ಕಿಳಿದು, ಮಲಪ್ರಭೆ ಕೃಷ್ಣೆಯರ ಮೂಲಕ ಬಂಗಾಲ ಕೊಲ್ಲಿಗೆ ಹೋಗುತ್ತದೆ. ಎರಡು ಕಡಲುಗಳಿಗೆ ನೀರು ಹಂಚುವ ಊರಿಗೆ ತನ್ನದೆಂಬ ಒಂದು ದೊಡ್ಡ ನದಿಯಿಲ್ಲ. ತಗ್ಗಿನ ಊರಿಗೆ ನೀರು ತಾನಾಗಿ ಬರುತ್ತದೆ. ಎತ್ತರದ ಊರಿನಿಂದ ತಾನಾಗಿ ಹೋಗುತ್ತದೆ.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಹೋಗುವ ನೀರನ್ನು ನಿಲ್ಲಿಸಿ ಮಾತನಾಡಿಸಿದವರು ಅವರು. ಉಣಕಲ್, ಕೆಲಗೇರಿ, ನುಗ್ಗಿಕೇರಿ, ಬೇಂದ್ರೆಯವರ ನೆರೆಯ ಸಾಧನಕೇರಿ, ಇವೆಲ್ಲ ಅಂಥ ತಿಳಿವಿನ ಕುರುಹುಗಳು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಒಣನಾಡಿನ ನಡುವೆ ಕೆರೆ ಕಟ್ಟಿಸಿದಾಗ ಅದು ಪೂಜೆಗೆ ಹೊರತಾದ ಕೆಲಸವೆಂದು ಯಾರೂ ತಿಳಿಯಲಿಲ್ಲ. ಕಾಯಕವೂ ದಾಸೋಹವೂ ಒಂದೇ ಕಟ್ಟೆಯಲ್ಲಿ ಕೂಡಿದುದು ಅಲ್ಲಿ. ಇಂದು ಅವಳಿನಗರದ ಎಷ್ಟೋ ಬಾವಿಗಳು ಕಸದಿಂದ ತುಂಬಿವೆ, ಕೆರೆಗಳು ಕೊಳಚೆಯನ್ನು ಉಂಡಿವೆ, ಕೆಲವು ಬಡಾವಣೆಯ ಹೆಸರಿನಲ್ಲಿ ಮಾತ್ರ ಬದುಕಿವೆ.

ಊರು ಬೆಳೆದಂತೆ ಬಾಯಾರಿಕೆಯೂ ಬೆಳೆಯಿತು. 1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯಾದವು; 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 9 ಲಕ್ಷ 40 ಸಾವಿರವನ್ನು ಮೀರಿತ್ತು. ಬೇಡ್ತಿಯ ಹಳ್ಳಕ್ಕೆ ಕಟ್ಟಿದ ನೀರಸಾಗರ ಒಂದು ಕಡೆಯ ಆಸರೆಯಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ತಳ ಕಂಡುದೂ ಉಂಟು. ಇನ್ನೊಂದು ಕಡೆಯಿಂದ ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ನೀರು ಬರತೊಡಗಿತು. ಆ ಜಲಾಶಯ ತುಂಬಿದಾಗಲೂ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 634 ಮೀಟರು. ಧಾರವಾಡದ ನೆಲ 750 ಮೀಟರು. ಎಂದರೆ ಧಾರವಾಡದ ಮನೆಯಲ್ಲಿ ತುಂಬಿಟ್ಟ ಪ್ರತಿಯೊಂದು ಕೊಡವೂ ನೂರು ಮೀಟರಿಗೂ ಹೆಚ್ಚು ಎತ್ತರವನ್ನು ವಿದ್ಯುತ್ತಿನ ಹೆಗಲೇರಿ ಬಂದುದು. ಎತ್ತರದ ತಂಪಿಗೆ ತೆರಬೇಕಾದ ಕಂದಾಯವಿದು. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಹರಿಯಿತೆಂದು ನಾಡು ಬೆರಗಾಯಿತು. ಅದೇ ಊರಿನ ಬೇರೆ ಓಣಿಗಳಲ್ಲಿ ಜನರು ನಲ್ಲಿಯ ಮುಂದೆ ದಿನಗಳನ್ನೆಣಿಸಿದರು.

ಈ ನೀರಿಗೆ ಬೇರೆ ಹಕ್ಕುದಾರರೂ ಇದ್ದಾರೆಂಬುದನ್ನು ಮರೆಯಲಾಗದು. ಮಲಪ್ರಭೆಯ ಕಾಲುವೆಗಳನ್ನು ನಂಬಿದ ನರಗುಂದ ನವಲಗುಂದಗಳ ಒಕ್ಕಲಿಗರು 1980ರ ಜುಲೈಯಲ್ಲಿ ಕರದ ಭಾರವನ್ನು ವಿರೋಧಿಸಿ ಎದ್ದಾಗ ಪ್ರಾಣಗಳೇ ಹೋದವು. 2015ರಲ್ಲಿ ಅದೇ ನೆಲದಲ್ಲಿ ಮಹದಾಯಿಯ ನೀರಿಗಾಗಿ ಮತ್ತೆ ಧರಣಿ ಆರಂಭವಾಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ 3.9 ಟಿ.ಎಂ.ಸಿ. ನೀರನ್ನು ಹಂಚಿದ ಮೇಲೂ ಅನುಮತಿ ತಕರಾರುಗಳಲ್ಲಿ ವರ್ಷಗಳು ಸರಿದವು. ವಿಪರ್ಯಾಸವೆಂದರೆ, 2019ರ ಆಗಸ್ಟಿನಲ್ಲಿ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ಅದೇ ತಗ್ಗಿನ ಹಳ್ಳಿಗಳನ್ನು ಮುಳುಗಿಸಿದವು. ದಿಣ್ಣೆಯವರು ಮಳೆಗಾಲದಲ್ಲಿ ತಡೆಯದೆ ಬಿಟ್ಟ ನೀರಿಗೂ ಆ ನೆರೆಯಲ್ಲಿ ಪಾಲುಂಟು. ಬೇಸಿಗೆಯಲ್ಲಿ ಅದನ್ನೇ ಬೇಡಿ ಮೇಲೆತ್ತುವರು. ಮೇಲೆ ಕುಳಿತವರು ತಮ್ಮ ಪಾಲಿಗೆ ಬಿದ್ದ ಮಳೆಯನ್ನು ಚೆಲ್ಲಿ, ಕೆಳಗಿನವರ ಬಿಂದಿಗೆಗೆ ಕೈಯಿಕ್ಕುವುದು ದಾಸೋಹದ ನೀತಿಯಲ್ಲ.

ಮಲಪ್ರಭೆಯಿರುವಾಗ ಮಾಳಿಗೆಯ ಮಳೆಯನ್ನು ಹಿಡಿಯುವ ತೊಂದರೆ ಏಕೆ ಎಂದು ಕೇಳುವವರು ಒಂದು ಸಣ್ಣ ಲೆಕ್ಕವನ್ನು ಗಮನಿಸಬಹುದು. ಶಾಲೆಯೊಂದರ ಮಾಳಿಗೆ 1,000 ಚದರ ಮೀಟರು ಇದ್ದರೆ, 800 ಮಿಲಿಮೀಟರು ಮಳೆಯಲ್ಲಿ ಅದರ ಮೇಲೆ 8 ಲಕ್ಷ ಲೀಟರು ನೀರು ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 6 ಲಕ್ಷ 40 ಸಾವಿರ ಲೀಟರು ಉಳಿಯುತ್ತದೆ. 500 ವಿದ್ಯಾರ್ಥಿಗಳಿಗೆ ಕುಡಿಯಲು, ಕೈ ತಟ್ಟೆ ತೊಳೆಯಲು ದಿನಕ್ಕೆ ತಲಾ 5 ಲೀಟರಿನಂತೆ 220 ದಿನಗಳಿಗೆ ಬೇಕಾಗುವುದು ಐದೂವರೆ ಲಕ್ಷ ಲೀಟರು. ಮಳೆಯಿಲ್ಲದ ತಿಂಗಳುಗಳ 130 ಶಾಲಾದಿನಗಳಿಗೆ ಕೂಡಿಡಬೇಕಾದುದು 3 ಲಕ್ಷ 25 ಸಾವಿರ ಲೀಟರು ಮಾತ್ರ. 12 ಮೀಟರು ಉದ್ದ, 9 ಮೀಟರು ಅಗಲ, 3 ಮೀಟರು ಆಳದ ಒಂದು ನೆಲತೊಟ್ಟಿ ಅದಕ್ಕೆ ಹೆಚ್ಚುಕಡಿಮೆ ಸಾಕು. ತೊಟ್ಟಿಗೆ ಮುಚ್ಚಳ ಅವಶ್ಯ. ಏಕೆಂದರೆ ಈ ಒಣ ಹವೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಮಿಗಿಲಾಗಿ ಆವಿಯಾಗಿ ಹೋಗುತ್ತದೆ. ಆಕಾಶ ಕೊಟ್ಟುದಕ್ಕಿಂತ ಹೆಚ್ಚನ್ನು ಮರಳಿ ಕೇಳುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಮುಂದಿನದನ್ನು ಮರಳು ಇದ್ದಿಲುಗಳಲ್ಲಿ ಸೋಸಿ, ಕುಡಿಯುವಷ್ಟನ್ನು ಕಾಯಿಸಿಕೊಂಡರೆ ಆಯಿತು.

ವಿದ್ಯಾಸಂಸ್ಥೆಗಳಿಗೆ ದಾನ ಮಾಡುವವರ ಪರಂಪರೆ ಈ ಸೀಮೆಯಲ್ಲಿ ದೊಡ್ಡದು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡಮಕ್ಕಳು ನಾಡಿನ ಎಲ್ಲ ರಂಗಗಳಲ್ಲಿ ಹೆಸರು ಮಾಡಿದರು. ಆ ಪ್ರಸಾದದ ಹಿಂದೆ ಭಕ್ತರು ಹೊತ್ತುತಂದ ಜೋಳವಿತ್ತು. ಇಂದಿನ ದಾನಿಗಳು ಕೊಠಡಿಗಳಿಗೂ ಕಮಾನುಗಳಿಗೂ ಹಣ ಕೊಡುತ್ತಾರೆ, ಹಿರಿಯರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಮಹಾದ್ವಾರದ ಕಲ್ಲು ಓದಿದವನ ದಾಹವನ್ನು ತಣಿಸದು. ಮುಂದೆ ಕಟ್ಟುವ ಸ್ಮಾರಕಗಳಲ್ಲಿ ಒಂದಾದರೂ ನೆಲದಡಿಯ ತೊಟ್ಟಿಯಾಗಲಿ, ಒಂದಾದರೂ ಹೂಳೆತ್ತಿದ ಹಳೆಯ ಬಾವಿಯಾಗಲಿ, ಒಂದಾದರೂ ನೆರಳಿನ ಸಾಲಾಗಲಿ. ಕೈಕೊಡ ಹಿಡಿದು ಬಂದ ಮಗು ಹೆಸರನ್ನು ಓದದಿದ್ದರೂ ನೀರನ್ನು ಕುಡಿದೀತು.

ಶಿಕ್ಷಕರ ಪಾಲಿನದು ಖರ್ಚಿಲ್ಲದ ಕೆಲಸ. ಭೂಗೋಳದ ಪಾಠದಲ್ಲಿ ಮಿಸಿಸಿಪ್ಪಿಯನ್ನು ಗುರುತಿಸಬಲ್ಲ ವಿದ್ಯಾರ್ಥಿಗೆ ತನ್ನ ಶಾಲೆಯ ಅಂಗಳದ ಮಳೆನೀರು ಯಾವ ಕಡಲಿಗೆ ಹೋಗುತ್ತದೆಂದು ಗೊತ್ತಿರಬೇಡವೇ? ಒಂದು ಮಳೆಯ ದಿನ ತರಗತಿಯನ್ನು ಹೊರಗೆ ಕರೆದೊಯ್ದು ಆ ನೀರಿನ ಹಿಂದೆ ನೂರು ಹೆಜ್ಜೆ ನಡೆಸಿದರೆ, ಪಠ್ಯಪುಸ್ತಕ ಹೇಳಲಾರದುದನ್ನು ಅಂಗಳ ಹೇಳೀತು.

ಎತ್ತರದಲ್ಲಿ ನೆಲೆಸುವುದು ಭಾಗ್ಯವೇ. ತಂಪಿನ ರಾತ್ರಿ, ಕೆಡದ ಕಾಳು, ಬೂಷ್ಟು ಹಿಡಿಯದ ಪುಸ್ತಕ, ಬೆವರದ ದುಡಿಮೆ, ಇವು ಸಣ್ಣ ಕೊಡುಗೆಗಳಲ್ಲ. ಆದರೆ ಎತ್ತರದಲ್ಲಿ ಕುಳಿತವರಿಗೆ ಹಿಡಿದಿಡುವ ಹೊಣೆಯೂ ಇದೆ, ಕೆಳಗಿನವರನ್ನು ನೆನೆಯುವ ಹೊಣೆಯೂ ಇದೆ. ಗಾಳಿಯನ್ನು ಹಿಂದಿನವರು ಗಳಿಸಿದುದಲ್ಲ. ನೀರನ್ನು ಅವರು ಗಳಿಸಿದ್ದರು. ಬಿಟ್ಟಿ ಬಂದುದನ್ನು ಹೊಗಳುತ್ತ, ಗಳಿಸಬೇಕಾದುದನ್ನು ಕಳೆಯುತ್ತ ಹೋಗುವ ಊರಿಗೆ ಹವೆಯೊಂದೇ ಬಹುಕಾಲ ಆಸರೆಯಾಗಲಾರದು.